ತಮ್ಮ ಬರೆದಿಟ್ಟ ಸೋಲುಗಳು

ನನ್ನ ತಮ್ಮನಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು. ಫೋನಿನ ಚೆಸ್ ಆಟದಲ್ಲಿ ಅವನನ್ನು ಮತ್ತೆ ಮತ್ತೆ ಸೋಲಿಸುತ್ತಿದ್ದದ್ದು ನಾನೇ, ಅದೂ ಮೋಸ ಮಾಡಿ, ಎಂಬ ಮಾತು. ಹೇಳುವುದಕ್ಕೆ ಎಷ್ಟೋ ಸಲ ಸಮಯ ಸಿಕ್ಕಿತ್ತು. ಬಾಯಿ ಬಿಡಲಿಲ್ಲ. ಐದು ವರ್ಷ ಹಾಗೇ ಕಳೆದೆ.

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸಲು ಸಾಮಾನೆಲ್ಲ ಅಂಗಳಕ್ಕೆ ಹಾಕಿದ್ದೆವು. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೇ ಸೀರೆಗಳ ತಳದಲ್ಲಿ ತಮ್ಮನ ಪಿಯುಸಿ ರೆಕಾರ್ಡ್ ಪುಸ್ತಕ ಇತ್ತು. ಆ ಪುಸ್ತಕದಲ್ಲಿ ಒಂದು ಪುಟಕ್ಕೆ ಗೆರೆ ಇರುತ್ತದೆ, ಎದುರಿನ ಪುಟ ಚಿತ್ರ ಬರೆಯಲು ಖಾಲಿ ಇರುತ್ತದೆ. ಮೊದಲ ಹತ್ತು ಹಾಳೆಗಳಲ್ಲಿ ಹೂವು, ಎಲೆ, ಕಪ್ಪೆಯ ಹೊಟ್ಟೆ. ಅಲ್ಲಿಂದಾಚೆ ಖಾಲಿ ಪುಟಗಳಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಎಳೆದ ಚೆಸ್ ಮನೆಗಳು. ಎದುರಿನ ಗೆರೆಗಳ ಮೇಲೆ ಅವನು ಎಲ್ಲಿ ಎಡವಿದ ಎಂಬ ವಿವರ. ‘ಕುದುರೆಯನ್ನು ಅಲ್ಲಿಗೆ ತರಬಾರದಿತ್ತು, ಅವಸರಪಟ್ಟೆ.’ ‘ಮಂತ್ರಿಯನ್ನು ಬೇಗ ಹೊರಗೆ ತಂದೆ, ಬುದ್ಧಿ ಇಲ್ಲ.’ ‘ಗೆಲ್ಲುತ್ತಿದ್ದೇನೆ ಅಂದುಕೊಂಡೆ, ಕೊಬ್ಬು.’ ಎದುರಾಳಿಯ ಮೇಲೆ ಒಂದು ದೂರೂ ಇಲ್ಲ. ಪುಟದಿಂದ ಪುಟಕ್ಕೆ ತನ್ನನ್ನೇ ಬೈದುಕೊಂಡಿದ್ದ.

ಅಂಗಳದಲ್ಲಿ ಕೂತು ಕಡೆಯ ಹಾಳೆಯವರೆಗೂ ಓದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಓದುವುದು ನಿಧಾನ. ಆದರೂ ಎಲ್ಲಾ ಅರ್ಥವಾಯಿತು. ಯಾಕೆಂದರೆ ಆ ಆಟಗಳಲ್ಲಿ ಹೆಚ್ಚಿನವಕ್ಕೆ ಎದುರಾಳಿ ನಾನೇ.

ನಮ್ಮದು ಕ್ಯಾಸಂಬಳ್ಳಿ ದಾಟಿ ಒಳಗಿರುವ ಹಳ್ಳಿ. ಅಪ್ಪ ಬೇಗ ಹೋದರು. ಅಮ್ಮ ಕೂಲಿಗೆ ಹೋಗುತ್ತಿದ್ದಳು, ಒಂದು ಹಸು ಕಟ್ಟಿದ್ದಳು. ನಾನು ಆಂಡರ್ಸನ್‌ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಕು, ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಪಿಯುಸಿ ಮುಗಿಸಿ ಬೆಂಗಳೂರಿನ ಒಂದು ಔಷಧಿ ಗೋಡೌನಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಹಿಡಿದಿದ್ದ. ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತಿದರೆ ಕಿಟಕಿ ಪಕ್ಕ ಸೀಟು ಸಿಗುತ್ತದೆ. ಹೋಗುತ್ತಾ ಬರುತ್ತಾ ಐದು ತಾಸು ರೈಲು. ಜೊತೆಯವರು ಇಸ್ಪೀಟು ಆಡುತ್ತಿದ್ದರು, ಇವನು ಫೋನಿನಲ್ಲಿ ಚೆಸ್ ಕಲಿತ.

ಅವನು ಕಲಿತ ರೀತಿ ವಿಚಿತ್ರವಾಗಿತ್ತು. ಗೆದ್ದ ಆಟವನ್ನು ತಿರುಗಿ ನೋಡುತ್ತಿರಲಿಲ್ಲ. ಸೋತ ಆಟವನ್ನು ಮಾತ್ರ ಮನೆಗೆ ತರುತ್ತಿದ್ದ. ಮುದ್ದೆ ಉಂಡು ಕೈ ತೊಳೆದವನೇ ರೆಕಾರ್ಡ್ ಪುಸ್ತಕ ತೆಗೆದು, ಮೊದಲು ತಾನೇ ತಪ್ಪು ಹುಡುಕುತ್ತಿದ್ದ. ಆಮೇಲೆ ಫೋನಿನಲ್ಲೇ ಇರುವ ಲೆಕ್ಕಾಚಾರದ ಯಂತ್ರಕ್ಕೆ ಆ ಆಟ ಕೊಟ್ಟು, ಯಾವ ನಡೆ ಆಡಬೇಕಿತ್ತು ಎಂದು ಕೇಳುತ್ತಿದ್ದ. ಯಂತ್ರ ಹೇಳಿದ್ದು ತಾನು ಬರೆದದ್ದಕ್ಕೆ ಹೊಂದಿದರೆ ಮುಖ ಅರಳುತ್ತಿತ್ತು. ಒಂದು ವರ್ಷದಲ್ಲಿ ಆಟದಲ್ಲಿ ಅವನ ಹೆಸರಿನ ಮುಂದಿನ ಅಂಕಿ ಏರುತ್ತಾ ಹೋಯಿತು. ರೈಲಿನಲ್ಲಿ ಅವನ ಎದುರು ಆಡಲು ಯಾರೂ ಉಳಿಯಲಿಲ್ಲ.

ಆ ಸಮಯದಲ್ಲೇ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಎಷ್ಟು ಓದಿದ್ದಾಳೆ ಎಂದು ಕೇಳಿದರು. ಅಮ್ಮ ತಡವರಿಸಿದಳು. ತಮ್ಮ ಮಧ್ಯೆ ಬಂದು, “ಅಕ್ಕಂಗೆ ಓದಾಕೆ ಇಷ್ಟ ಇರ್ಲಿಲ್ಲ, ಅಷ್ಟೇ. ಬುದ್ಧಿವಂತೆ,” ಎಂದ.

ನನಗೆ ಓದಲು ಇಷ್ಟವಿತ್ತು. ಅಮ್ಮ ಕೂಲಿಗೆ ಹೋದರೆ ಅವನನ್ನು ನೋಡಿಕೊಳ್ಳುವವರಿಲ್ಲ ಎಂದು ನನ್ನನ್ನು ಬಿಡಿಸಿದರು. ಆಗ ಅವನಿಗೆ ನಾಲ್ಕು ವರ್ಷ. ನಿಜ ಸಂಗತಿ ಅವನಿಗೆ ಯಾರು ಹೇಳಿದ್ದರು? ಅಮ್ಮ ಹೇಳಿದ ಸುಳ್ಳನ್ನೇ ಅವನು ನಂಬಿದ್ದ, ನನ್ನ ಮರ್ಯಾದೆ ಉಳಿಸಲೆಂದೇ ಆ ಮಾತಾಡಿದ್ದ. ಇದೆಲ್ಲ ಅವತ್ತೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಬಿಡಲಿಲ್ಲ.

ಗಂಡಿನ ಕಡೆಯವರು ಮತ್ತೆ ಸುದ್ದಿ ಕಳಿಸಲಿಲ್ಲ. ಸ್ವಲ್ಪ ದಿನ ಬಿಟ್ಟು ನಾನು ಅವನ ಹತ್ತಿರ ಚೆಸ್ ಹೇಳಿಕೊಡು ಎಂದೆ. ಎಷ್ಟು ಸಂತೋಷಪಟ್ಟ... ಕುದುರೆ ಹೇಗೆ ಹಾರುತ್ತದೆ, ಒಂಟೆ ಹೇಗೆ ಓರೆಯಾಗಿ ಓಡುತ್ತದೆ ಎಂದು ಅವರೆಕಾಳಿಟ್ಟು ತೋರಿಸಿದ. ನನಗೆ ಆಟ ಹತ್ತಲಿಲ್ಲ. ಆದರೆ ಆ ಯಂತ್ರಕ್ಕೆ ಆಟ ಕೊಡುವುದನ್ನು ಮಾತ್ರ ಚೆನ್ನಾಗಿ ಕಲಿತುಕೊಂಡೆ.

ಅಂಗಡಿಯಲ್ಲಿ ಒಂದು ಹಳೇ ಫೋನು ಬಿದ್ದಿತ್ತು. ಅದರಲ್ಲಿ ಯಂತ್ರ, ನನ್ನ ಫೋನಿನಲ್ಲಿ ಆಟ. ‘ಮಾಸ್ಟರ್’ ಎಂದು ಸುಳ್ಳು ಹೆಸರಿಟ್ಟುಕೊಂಡೆ. ಸಂಜೆ ಅವನ ರೈಲು ಹೊರಟ ಮೇಲೆ, ಗಿರಾಕಿಗಳು ಕಡಿಮೆಯಾದಾಗ, ನೇತುಹಾಕಿದ ಬ್ಲೌಸುಗಳ ಹಿಂದೆ ಕೂತು ಅವನನ್ನು ಆಟಕ್ಕೆ ಕರೆಯುತ್ತಿದ್ದೆ. ಅವನು ಆಡಿದ ನಡೆಯನ್ನು ಹಳೇ ಫೋನಿನಲ್ಲಿ ಆಡುವುದು, ಯಂತ್ರ ತೋರಿಸಿದ್ದನ್ನು ನನ್ನ ಫೋನಿನಲ್ಲಿ ಆಡುವುದು. ಇಷ್ಟೇ ಕೆಲಸ. ಹುಕ್ಕು ಹಾಕುವುದಕ್ಕಿಂತ ಸುಲಭ. ಪ್ರತಿ ನಡೆಗೂ ಇಪ್ಪತ್ತು ಸೆಕೆಂಡು ಹಿಡಿಯುತ್ತಿತ್ತು.

ಸುಳ್ಳು ಹೇಳಲಾರೆ, ನನಗೆ ಖುಷಿಯಾಗುತ್ತಿತ್ತು. ಒಂದೇ ಸಲಕ್ಕೆ ಸೋಲಿಸುವುದಕ್ಕಿಂತ, ಅವನ ಕಾಯಿಗಳನ್ನು ಒಂದೊಂದಾಗಿ ತೆಗೆದು ರಾಜನನ್ನು ಒಂಟಿ ಮಾಡುವುದು ಹೆಚ್ಚು ಇಷ್ಟವಾಗುತ್ತಿತ್ತು. ಮನೆಗೆ ಬಂದು ಅವನು ಅದನ್ನೇ ಪುಸ್ತಕದಲ್ಲಿ ಬರೆಯುವಾಗ ಎದುರು ಕೂತು ನೋಡುತ್ತಿದ್ದೆ.

“ಅಕ್ಕಾ, ಇವತ್ತೂ ಮಾಸ್ಟರ್ ಕೈಲಿ ಒದೆ ತಿಂದೆ. ಎಂಥಾ ತಲೆ ಇರ್ಬೇಕು ಅವರ್ದು! ಮಿಷಿನ್ನು ಏನ್ ಏಳ್ತದೋ ಅದ್ನೇ ಆಡ್ತಾರೆ ಕಣಕ್ಕಾ.”

“ಆ ಕಾಣದಿರೋ ಮಾಸ್ಟರ್‌ಗೆ ಕೈ ಮುಗ್ಕೊಂಡು ಕೂತ್ಕೊ,” ಎನ್ನುತ್ತಿದ್ದಳು ಅಮ್ಮ. “ಅಸೂಗೆ ಉಲ್ಲು ಆಕೋರ್ಯಾರ್ಲಾ?”

ರೈಲಿನಲ್ಲಿ ಇಸ್ಪೀಟು ಆಡುವವರಲ್ಲಿ ಒಬ್ಬ ವಯಸ್ಸಾದವರಿಗೆ ಅನುಮಾನ ಬಂದಿತ್ತಂತೆ. ಮನುಷ್ಯ ಆದವನು ಒಂದು ನಡೆಗೆ ಯೋಚಿಸುತ್ತಾನೆ, ಇನ್ನೊಂದಕ್ಕೆ ಟಕ್ಕೆಂದು ಆಡುತ್ತಾನೆ, ಪ್ರತಿ ನಡೆಗೂ ಒಂದೇ ಸಮಯ ತಗೊಳ್ಳುವವನು ಯಂತ್ರ ಇಟ್ಟುಕೊಂಡಿರಬೇಕು, ದೂರು ಕೊಡು ಎಂದಿದ್ದರು. ತಮ್ಮ ಬಂದು ನನಗೆ ಹೇಳಿದ. ನನ್ನ ಕೈಯಲ್ಲಿದ್ದ ಸೌಟು ನಿಂತಿತು.

“ಮತ್ತೆ ದೂರು ಕೊಡ್ಲಿಲ್ವಾ?” ಎಂದೆ.

“ಸೋತೋರೆಲ್ಲಾ ಅಂಗೇ ಅನ್ನೋದು ಕಣಕ್ಕಾ. ನಾನೂ ಅಂಗೇ ಅಂದ್ರೆ ಇನ್ನೆಂಗೆ ಕಲಿಯೋದು?”

“ಅದೂ ಸರೀನೇ ಬುಡು,” ಎಂದು ಸಾರು ಬಡಿಸಿದೆ.

ಒಂದೇ ಸಮಯ ತೆಗೆದುಕೊಳ್ಳುವುದೇ ಮಾಸ್ಟರ್‌ನ ಗುಟ್ಟು ಎಂದು ಅವನು ತೀರ್ಮಾನಿಸಿಬಿಟ್ಟ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾನೆ. ‘ಅವರಲ್ಲಿ ಗಾಬರಿ ಇಲ್ಲ, ಆಸೆ ಇಲ್ಲ. ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮಾಧಾನ. ನಾನೂ ಹಾಗೇ ಆಡಬೇಕು.’ ಅವನ ಬಲವೇ ಚುರುಕು. ಅದನ್ನೇ ತಪ್ಪೆಂದು ಬಿಟ್ಟುಕೊಟ್ಟ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಒಂದೊಂದು ಕಾಯಿ ನಡೆಸಲು ಶುರು ಮಾಡಿದ.

ಒಂದು ದಿನ ಆಟ ಮುಗಿದ ಮೇಲೆ ಅವನು ಮಾಸ್ಟರ್‌ಗೆ ಮೆಸೇಜು ಬರೆದ. ಸಾರ್, ನಾನು ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ ಎಂದು. ಬ್ಲೌಸುಗಳ ಹಿಂದೆ ಕೂತು ಅದನ್ನು ಎರಡು ಸಲ ಓದಿದೆ. ‘ನಿನ್ನ ಕೈಲಿ ಆಗಲ್ಲ, ಬಿಟ್ಟುಬಿಡು’ ಎಂದು ಉತ್ತರ ಕಳಿಸಿದೆ. ಮನೆಗೆ ಬಂದವನು ಅದನ್ನು ನನಗೆ ಓದಿ ಹೇಳಿದ. ನಗುತ್ತಲೇ ಓದಿದ, ಆದರೆ ಅವತ್ತು ಒಂದೇ ಮುದ್ದೆಗೆ ಎದ್ದ.

ಕೆಲವು ವಾರಗಳಲ್ಲಿ ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಚೆಸ್ ಪಂದ್ಯ ನಡೆಯುವುದಿತ್ತು. ಕೆಜಿಎಫಿನ ಒಂದು ಖಾಸಗಿ ಶಾಲೆಯವರು ಮಕ್ಕಳಿಗೆ ಚೆಸ್ ಹೇಳಿಕೊಡಲು ಜನ ಹುಡುಕುತ್ತಿದ್ದರು, ಮೊದಲ ಮೂವರಲ್ಲಿ ಬಂದವರನ್ನು ಕರೆಯುವುದಾಗಿ ಹೇಳಿದ್ದರು. ತಮ್ಮ ಆ ಕೆಲಸದ ಮೇಲೆ ಜೀವ ಇಟ್ಟುಕೊಂಡಿದ್ದ. ರೈಲು ತಪ್ಪುತ್ತದೆ, ಪೆಟ್ಟಿಗೆ ಹೊರುವುದು ತಪ್ಪುತ್ತದೆ, ಜನ ಸಾರ್ ಎನ್ನುತ್ತಾರೆ. ಒಂದು ಅಂಗಿಯನ್ನು ಇಸ್ತ್ರಿ ಮಾಡಿ ಆಗಲೇ ಎತ್ತಿಟ್ಟಿದ್ದ. ಅಷ್ಟರೊಳಗೆ ನಿಜ ಹೇಳಿದ್ದರೆ ಅವನು ತನ್ನ ಹಳೇ ಆಟಕ್ಕೆ ಮರಳಬಹುದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಪಂದ್ಯದ ಹಿಂದಿನ ಸಂಜೆಯೂ ಅವನನ್ನು ಆಟಕ್ಕೆ ಕರೆದು ಸೋಲಿಸಿದೆ.

ಭಾನುವಾರ ಬುತ್ತಿ ಕಟ್ಟಿಕೊಂಡು ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ನಿಜವಾದ ಕಾಯಿಗಳು, ಪಕ್ಕದಲ್ಲಿ ಗಡಿಯಾರ. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಯಂತ್ರ ಮೂವತ್ತು ನಡೆಯಲ್ಲಿ ಮುಗಿಸುತ್ತಿತ್ತು, ಅದಕ್ಕೆ ಇಪ್ಪತ್ತು ಸೆಕೆಂಡು ಸಾಕಾಗುತ್ತಿತ್ತು. ಮನುಷ್ಯರ ಆಟ ಅಷ್ಟಕ್ಕೆ ಮುಗಿಯುವುದಿಲ್ಲ. ಮೊದಲ ಆಟದಲ್ಲಿ ತಮ್ಮನ ಹತ್ತಿರ ಎದುರಿನವನಿಗಿಂತ ಒಂದು ಆನೆ ಹೆಚ್ಚಿತ್ತು. ಆದರೂ ತುಟಿ ಅಲ್ಲಾಡಿಸುತ್ತಾ ಎಣಿಸುತ್ತಲೇ ಇದ್ದ, ಗಡಿಯಾರ ಮುಗಿಯಿತು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಎದುರಿಗಿದ್ದವರು ನಿವೃತ್ತ ಮೇಷ್ಟ್ರ ಹಾಗೆ ಕಾಣುವ ಹಿರಿಯರು. ಗೆದ್ದು ಕೈ ಕುಲುಕಿದ ಮೇಲೆ ಅವರು ಅವನನ್ನು ಬಿಡಲಿಲ್ಲ.

“ಇದು ನೀನು ಗೆಲ್ಬೇಕಾಗಿದ್ದ ಆಟ ಕಣಪ್ಪಾ. ಬರೀ ತಿನ್ನೋ ಕಾಯಿ ತಿನ್ನಾಕೆ ಅಷ್ಟೊತ್ತು ಯಾಕೆ ಕೂತ್ಕೊಂಡೆ? ಯಾರು ಕಲ್ಸಿದ್ದು ನಿಂಗೆ ಹಿಂಗೆ ಆಡೋದು?”

“ಒಬ್ರು ಸಾರ್ ಇದಾರೆ,” ಎಂದ ತಮ್ಮ. “ಅವರ್ದು ತಪ್ಪಿಲ್ಲ ಸಾರ್, ನಂಗೇ ಬರ್ಲಿಲ್ಲ.”

ನಾನು ಬುತ್ತಿ ಹಿಡಿದು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹಿರಿಯರು ನನ್ನ ಮುಖವನ್ನೂ ನೋಡಿದರು, ಇವಳಾದರೂ ಹೇಳಲಿ ಎನ್ನುವಂತೆ. ಇನ್ನೂ ಎರಡು ಆಟ ಬಾಕಿ ಇದ್ದವು. ನಾನು, “ಬಾರ್ಲಾ, ಉಣ್ಣು,” ಎಂದೆ. ಅಷ್ಟೇ ಅಂದದ್ದು.

ಉಳಿದ ಎರಡನ್ನೂ ಸೋತ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದೆವು. ಅವನು ಫೋನು ತೆಗೆದು ಏನೋ ಬರೆದ. ನನ್ನ ಬ್ಯಾಗಿನೊಳಗೆ ಟಿಂಗ್ ಎಂದಿತು.

“ಅಕ್ಕಾ, ನಿನ್ ಫೋನು.”

“ಕಂಪನಿ ಮೆಸೇಜು. ಬುಡು.”

ಅವನು ಫೋನಿನಿಂದ ಆಟವನ್ನು ತೆಗೆದುಹಾಕಿ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಬ್ಯಾಗು ಓರೆ ಮಾಡಿ ನೋಡಿದೆ. ‘ಸಾರ್, ನೀವು ಹೇಳಿದ್ದು ನಿಜ. ಇಷ್ಟು ದಿನ ನನ್ನ ಜೊತೆ ಆಡಿದ್ದಕ್ಕೆ ಥ್ಯಾಂಕ್ಸ್.’ ಆಗ ನಾನು ಗೆದ್ದೆ ಎಂದು ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ... ಊರು ಬರುವವರೆಗೆ ಅವನ ತೋಳು ನನ್ನ ತೋಳಿಗೆ ತಾಗಿಕೊಂಡೇ ಇತ್ತು.

ಆಮೇಲೆ ಅವನು ಚೆಸ್ಸಿನ ಮಾತೇ ಎತ್ತಲಿಲ್ಲ. ಗೋಡೌನು ಬಿಟ್ಟು ಡ್ರೈವಿಂಗ್ ಕಲಿತ. ಈಗ ಬಂಗಾರಪೇಟೆಯಲ್ಲಿ ಟೆಂಪೋ ಓಡಿಸುತ್ತಾನೆ, ಮದುವೆಯಾಗಿದೆ. ಯಾವುದಕ್ಕೂ ಎದುರು ಹೇಳುವುದಿಲ್ಲ. ಯಾರಾದರೂ ಹೊಸದೊಂದು ಹೇಳಿಕೊಟ್ಟರೆ, ನಂಗಾಗಲ್ಲ ಬುಡಿ ಎಂದು ಮೊದಲೇ ಹೇಳಿಬಿಡುತ್ತಾನೆ. ತಮ್ಮ ಇದ್ದಾನೆ. ಆದರೆ ಸೋತ ಆಟವನ್ನು ಮನೆಗೆ ತಂದು ತಪ್ಪು ಹುಡುಕುತ್ತಿದ್ದ ಹುಡುಗ ಇಲ್ಲ. ಅವನನ್ನು ಕಳೆದದ್ದು ನಾನು.

ಹೋದ ವಾರ ಬಸ್ಸು ಹಿಡಿದು ಅವನ ಮನೆಗೆ ಹೋದೆ. ಅವನ ಹೆಂಡತಿ, ನನ್ನ ನಾದಿನಿ, ಒಳಗೆ ಟೀ ಇಟ್ಟಿದ್ದಳು. ಅವನು ಬೀದಿಯಲ್ಲಿ ಟೆಂಪೋ ತೊಳೆಯುತ್ತಿದ್ದ.

“ಮಾಸ್ಟರ್ ಅಂತ ಒಬ್ಬ ಇದ್ನಲ್ಲ, ಗ್ಯಾಪ್ಕ ಐತಾ?” ಎಂದೆ.

“ಯಾವ ಮಾಸ್ಟರ್? ಓ, ಆ ಚೆಸ್ ಸಾರಾ? ಅವ್ರೆಲ್ಲಿ ಸಿಕ್ಕಿದ್ರು ನಿಂಗೆ?”

“ಅದು ನಾನು ಕಣ್ಲಾ.”

ಅವನು ನಕ್ಕ. “ಬಾಯಿ ಮುಚ್ಕೊಂಡಿರಕ್ಕಾ. ನಿಂಗೆ ಕುದುರೆ ನಡ್ಸಾಕೇ ಬತ್ತಿರ್ಲಿಲ್ಲ.”

ಎರಡು ಫೋನಿನ ವಿಷಯ ಹೇಳಿದೆ. ನಗು ನಿಂತಿತು. ಪೈಪಿನ ನೀರು ಅವನ ಕಾಲ ಮೇಲೇ ಹರಿಯುತ್ತಿತ್ತು.

“ಎಲ್ಲಾ ಆಟಾನೂನಾ? ಒಂದೂ ನೀನಾಗೇ ಆಡ್ಲಿಲ್ವಾ?”

“ಒಂದೂ ಇಲ್ಲ.”

“ಆ ಮೆಸೇಜು?”

“ಅದೂ ನಾನೇ.”

ಅವನು ನಲ್ಲಿ ನಿಲ್ಲಿಸಿ ಬಂದು ಟೆಂಪೋದ ಬಾಗಿಲಿಗೆ ಒರಗಿದ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ, “ನಾನು ನಿಂಗೇನ್ ಮಾಡಿದ್ದೆ ಅಕ್ಕಾ?” ಎಂದು ಕೇಳಿದ.

ಐದು ವರ್ಷ ಬಾಯಿಪಾಠ ಮಾಡಿಕೊಂಡಿದ್ದ ಕಾರಣಗಳು ನಾಲಿಗೆಯವರೆಗೆ ಬಂದವು. ಅವನ್ನೆಲ್ಲ ನುಂಗಿಕೊಂಡೆ. ನಾದಿನಿ ಟೀ ಹಿಡಿದು ಹೊಸಿಲ ಮೇಲೆ ನಿಂತಿದ್ದಳು, ಅವಳಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ.

“ನೀನೇನೂ ಮಾಡಿರ್ಲಿಲ್ಲ. ನೀನು ಚೆನ್ನಾಗೇ ಆಡ್ತಿದ್ದೆ, ಅದ್ನ ನೋಡಾಕಾಗ್ದೆ ನಾನು ಹಾಳು ಮಾಡ್ದೆ. ತಪ್ಪಾಯ್ತು ಕಣ್ಲಾ.”