ಮುಚ್ಚಬಾರದಿದ್ದ ಗುಂಡಿ

ನಮ್ಮ ಮನೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಆ ಮನೆಯನ್ನು ಮಾರಲು ಹೊರಟಾಗ. ಫಾರ್ಮಿಂಗ್ಟನ್ ಹಿಲ್ಸ್ ಎಂಬ ಊರು ದಾಟಿ ಇನ್ನೊಂದಿಷ್ಟು ಮೈಲಿ ಹೋದರೆ ಸಿಗುವ ಹಳೆಯ ಬಡಾವಣೆ ನಮ್ಮದು. ಬೀದಿ ತುಂಬ ಡಾಕ್ಟರು, ಇಂಜಿನಿಯರು. ಅಂಥ ಕಡೆ ಕಕ್ಕಸಿನ ನೀರು ಹಿತ್ತಲ ಹುಲ್ಲಿನ ಕೆಳಗಿರುವ ತೊಟ್ಟಿಗೆ ಬೀಳುತ್ತದೆ ಎಂದು ಮಗಳು ಹೇಳಿದಾಗ ನಾನು ನಂಬಲಿಲ್ಲ. ಆರು ಬೇಸಿಗೆ ಅದೇ ಹುಲ್ಲಿನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದೆ. ಸುತ್ತಮುತ್ತಲ ಕನ್ನಡದವರ ಮನೆಗಳಿಗೆಲ್ಲ ಹಂಚಿದ್ದೆ. ತಿಂದವರು ಚೆನ್ನಾಗಿದೆ ಅಂದಿದ್ದರು.

ಬೀದಿಯಲ್ಲಿ ಊರಿನ ಒಳಚರಂಡಿ ಬಂದು ಎಷ್ಟೋ ವರ್ಷವಾಗಿತ್ತಂತೆ. ಚರಂಡಿಯ ಕೊಳವೆ ಮನೆಯ ಹತ್ತಿರ ಹಾದುಹೋದ ಮೇಲೆ, ಇಂತಿಷ್ಟು ತಿಂಗಳಲ್ಲಿ ಮನೆಯವರು ಅದಕ್ಕೆ ಜೋಡಿಸಿಕೊಳ್ಳಲೇಬೇಕು, ಹಿತ್ತಲ ತೊಟ್ಟಿಯನ್ನು ಮುಚ್ಚಲೇಬೇಕು ಎಂದು ಆ ಊರಿನ ಕಾನೂನು. ನಮಗಿಂತ ಮುಂಚೆ ಇದ್ದವನು ಜೋಡಿಸಿರಲಿಲ್ಲ. ಯಾರೂ ಕೇಳಲೂ ಇಲ್ಲ. ನಾವು ಕೊಂಡಾಗ ಇರದಿದ್ದ ನಿಯಮ ಈಗ ಬಂದಿತ್ತಂತೆ, ಮನೆ ಕೈ ಬದಲಾಗುವಾಗ ಕೇಳುತ್ತಾರೆ. ಜೋಡಣೆ ಸರಿಯಾಗಿದೆ ಎಂದು ನಗರಸಭೆ ಕಾಗದ ಕೊಡದೆ ಮನೆ ಮಾರುವ ಹಾಗಿಲ್ಲ.

ಮಾರದೆ ವಿಧಿ ಇರಲಿಲ್ಲ. ಅಳಿಯಂದಿರಿಗೆ ಹತ್ತಿರದ ಸೌತ್‌ಫೀಲ್ಡಿನಲ್ಲಿದ್ದ ಕೆಲಸ ಹೋಗಿತ್ತು. ಅವರೊಬ್ಬರದೇ ಅಲ್ಲ, ಅವರ ಮಹಡಿಗೆ ಮಹಡಿಯೇ ಖಾಲಿಯಾಯಿತಂತೆ. ಎಂಟು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಒಂದು ಕೆಲಸ ಸಿಕ್ಕಿತು. ಅಲ್ಲಿ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಶನಿವಾರ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುವುದು, ಭಾನುವಾರ ಊಟ ಮಾಡಿ ಹೊರಡುವುದು. ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳ ಮುಂದೆ ಮಾರಾಟದ ಬೋರ್ಡುಗಳು ಮಳೆಯಲ್ಲಿ ನೆನೆದು ಬಾಗಿದ್ದವು. ನಮ್ಮದಕ್ಕೆ ಒಂದು ವರ್ಷದ ಮೇಲೆ ಒಬ್ಬ ಗಿರಾಕಿ ಬಂದ. ಅವನಿಗೆ ಬ್ಯಾಂಕಿನವರು ಸಾಲ ಕೊಡುತ್ತೇವೆಂದು ಬರೆದುಕೊಟ್ಟಿದ್ದು ನವೆಂಬರ್ ಕೊನೆಯ ತನಕ ಮಾತ್ರ. ಅಷ್ಟರೊಳಗೆ ಒಳಚರಂಡಿಯ ಕಾಗದ ಕೈಗೆ ಬರಬೇಕಿತ್ತು.

ನೇಪರ್‌ವಿಲ್ ಏನು ಸ್ವರ್ಗ ಅಂತ ನಾನು ಅಂದುಕೊಂಡಿರಲಿಲ್ಲ. ಅಲ್ಲೂ ಕಾರಿಲ್ಲದೆ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಕೇಳಿದ್ದೆ. ನನಗೆ ಕಾರು ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಮಗಳು ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೋದರೆ ಸಂಜೆಯವರೆಗೆ ನಾನು, ಹೀಟರಿನ ಸದ್ದು. ಒಂದು ದಿನ ಬೇಸರವಾಗಿ ಬೀದಿಯ ಕೊನೆಯವರೆಗೆ ನಡೆದೆ. ಒಬ್ಬಾಕೆ ಕಾರು ನಿಲ್ಲಿಸಿ, ದಾರಿ ತಪ್ಪಿದ್ದೀಯಾ ಎಂಬಂತೆ ಏನೋ ಕೇಳಿ, ಮನೆಯವರೆಗೆ ಕಾರಿನಲ್ಲಿ ಹಿಂದೆಯೇ ಬಂದಳು. ಆಮೇಲೆ ನಾನು ನಡೆಯುವುದನ್ನೇ ಬಿಟ್ಟೆ. ಎಲ್ಲಿ ಹೋದರೂ ನನಗೆ ನಾಲ್ಕು ಗೋಡೆಯೇ. ಆದರೆ ಗಂಡ ಹೆಂಡತಿ ಒಂದು ಮನೆಯಲ್ಲಿ ಇದ್ದರೆ ಮಗಳ ಮುಖದ ಗಂಟು ಸಡಿಲವಾದೀತು, ನನಗೂ ಅಷ್ಟು ಸಾಕಿತ್ತು.

ನವೆಂಬರ್ ಮೊದಲಲ್ಲಿ ಕಂಟ್ರಾಕ್ಟರ್ ಬಂದ. ದಪ್ಪನೆಯ ಬಿಳಿಯ ಮನುಷ್ಯ. ಮೊದಲು ಹತ್ತು ಆಳು ಇದ್ದರಂತೆ, ಈಗ ಜೊತೆಗೆ ಅವನ ಭಾವಮೈದುನ ಒಬ್ಬ. ಶುಕ್ರವಾರ ಬೆಳಿಗ್ಗೆ ಯಂತ್ರ ತಂದು ಮನೆಯಿಂದ ಬೀದಿಯವರೆಗೆ ಉದ್ದಕ್ಕೆ ತೋಡಿದ. ಗುಂಡಿ ಕಾರು ಬರುವ ದಾರಿಯನ್ನೂ ಅಡ್ಡಕ್ಕೆ ಸೀಳಿಕೊಂಡು ಹೋಯಿತು. ಮಗಳು ಮೊದಲೇ ಕಾರನ್ನು ಬೀದಿಗೆ ತೆಗೆದಿದ್ದಳು. ಹಳೇ ತೊಟ್ಟಿಯಿಂದ ಕೊಳವೆ ಬಿಡಿಸಿ, ಹೊಸ ಪ್ಲಾಸ್ಟಿಕ್ ಕೊಳವೆ ಹಾಕಿ, ಮಧ್ಯಾಹ್ನಕ್ಕೆಲ್ಲ ಮುಗಿಸಿದ. ಇನ್ನು ನಗರಸಭೆಯ ಇನ್ಸ್‌ಪೆಕ್ಟರ್ ಬಂದು ಕಣ್ಣಾರೆ ನೋಡಬೇಕು. ಅವನು ನೋಡುವ ತನಕ ಕೊಳವೆಯ ಮೇಲೆ ಒಂದು ಹಿಡಿ ಮಣ್ಣೂ ಬೀಳಬಾರದು, ನೀರೂ ಬಿಡಬಾರದು. ಮಗಳು ಇದನ್ನು ನನಗೆ ಮೂರು ಸಲ ಹೇಳಿದಳು. ನಾನು ಮೂರು ಸಲವೂ ಹೂಂ ಅಂದೆ.

ಇನ್ಸ್‌ಪೆಕ್ಟರ್ ಬರಲಿಲ್ಲ. ಕೆಲಸದವರನ್ನು ಕಡಿಮೆ ಮಾಡಿ, ಇಡೀ ಊರಿಗೆ ಒಬ್ಬನೇ ಉಳಿದಿದ್ದನಂತೆ. ಇನ್ನು ಸೋಮವಾರವೇ ಎಂದು ಫೋನಿನಲ್ಲಿ ಹೇಳಿದರು. ಕಂಟ್ರಾಕ್ಟರ್ ಗುಂಡಿಯ ಮೇಲೆ ಎರಡು ಹಲಗೆ ಹಾಕಿ, ಯಂತ್ರವನ್ನು ಇನ್ನೊಂದು ಕೆಲಸಕ್ಕೆ ಒಯ್ದ.

ಮೂರು ಹೆಂಗಸರು, ಮನೆಯಲ್ಲಿ ಮೂರು ಬಾತ್‌ರೂಮು, ಒಂದನ್ನೂ ಮುಟ್ಟುವ ಹಾಗಿಲ್ಲ. ಎರಡು ಮೈಲಿ ದೂರದ ಪೆಟ್ರೋಲ್ ಬಂಕಿಗೆ ಹೋಗಿ ಬರುತ್ತಿದ್ದೆವು. ಪ್ರತಿ ಸಲವೂ ಮಗಳು ನಾಚಿಕೆಗೆ ಏನಾದರೂ ಕೊಳ್ಳುತ್ತಿದ್ದಳು. ಶನಿವಾರದ ಹೊತ್ತಿಗೆ ಅಡುಗೆಮನೆ ಕಟ್ಟೆಯ ಮೇಲೆ ಐದು ಚಿಪ್ಸ್ ಪೊಟ್ಟಣ. ಪರಿಚಯದ ಕನ್ನಡದವರ ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. ಕೆಲಸ ಹೋಗಿದ್ದು ಎಲ್ಲರಿಗೂ ಗೊತ್ತು, ಇನ್ನು ಇದೂ ಗೊತ್ತಾಗಬೇಕಾ ಎಂದಳು. ನಾನು ಕಾಫಿ ಕುಡಿಯುವುದನ್ನೇ ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ಮಂಜು ಕಟ್ಟಿತ್ತು. ಮೊಮ್ಮಗಳು ಜಾರಿ ಒಂದು ಕಾಲು ಗುಂಡಿಯೊಳಗೆ ಹೋಯಿತು. ಮಂಡಿ ತರಚಿ ರಕ್ತ ಬಂತು. ಮಗಳು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಔಷಧಿ ಅಂಗಡಿಗೆ ಹೋದಳು. ನಾನು ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆ.

ಮೈಸೂರಿನಲ್ಲಿ ನಮ್ಮ ಬೀದಿಗೆ ಒಳಚರಂಡಿ ಹಾಕಿದಾಗ ಕಾರ್ಪೊರೇಷನ್ನಿನವರು ತೋಡಿದ ಗುಂಡಿ ಯುಗಾದಿಯಿಂದ ದಸರಾದವರೆಗೆ ಬಾಯಿ ತೆರೆದುಕೊಂಡಿತ್ತು. ಒಂದು ಹಸು ಬಿತ್ತು, ಒಬ್ಬ ಹಾಲಿನವನು ಸೈಕಲ್ ಸಮೇತ ಬಿದ್ದ. ಕಾದೂ ಕಾದೂ ಬೀದಿಯವರೇ ಮುಚ್ಚಿಕೊಂಡೆವು. ಆಮೇಲೆ ಬಂದ ಇಂಜಿನಿಯರು ಸ್ಕೂಟರಿನಿಂದ ಇಳಿಯದೆ ಸಹಿ ಹಾಕಿ ಹೋದ. ಸೋಮವಾರ ಬರುತ್ತೇವೆ ಎಂದವರು ಬರುವುದನ್ನು ನಾನು ನೋಡಿರಲಿಲ್ಲ. ಬಂದರೂ ನೋಡಲಿಕ್ಕೆ ಅಷ್ಟುದ್ದ ಗುಂಡಿ ಇದೆಯಲ್ಲ, ನಡೆಯುವ ದಾರಿಯಷ್ಟು ಮುಚ್ಚಿದರೆ ಏನಾಯಿತು ಎಂದುಕೊಂಡೆ.

ಮಣ್ಣಿನ ಕೆಲಸ ನನಗೆ ಹೊಸದಲ್ಲ. ಇದೇ ಮಗಳನ್ನು ಓದಿಸಲು ಹದಿನಾಲ್ಕು ವರ್ಷ ಗಾರೆ ಕೆಲಸದಲ್ಲಿ ಮಣ್ಣು ಹೊತ್ತಿದ್ದೆ, ತಳಪಾಯ ತುಳಿದಿದ್ದೆ. ಗ್ಯಾರೇಜಿನಿಂದ ಹಿಮ ತೆಗೆಯುವ ಸಲಿಕೆ ತಂದೆ. ಹೂವಿನ ಪಾತಿಯ ಇಟ್ಟಿಗೆ ಕಿತ್ತು ಕೆಳಗೆ ಹಾಕಿ, ಮೇಲೆ ಮಣ್ಣು ಎಳೆದು, ಉಣ್ಣೆ ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡು ತುಳಿದೆ. ಮೈ ಬೆವರಿತು. ಆ ದೇಶಕ್ಕೆ ಬಂದ ಮೇಲೆ ಅಷ್ಟು ಸಂತೋಷವಾಗಿ ಕೆಲಸ ಮಾಡಿದ್ದು ಅದೇ ಮೊದಲು. ಸುಳ್ಳು ಹೇಳುವುದಿಲ್ಲ.

ಮಗಳು ವಾಪಸು ಬಂದವಳು ಕಾರಿನಿಂದ ಇಳಿಯದೆ ಹಾಗೇ ಕೂತಳು. ಆಮೇಲೆ ಇಳಿದು ಬಂದಳು.

"ಅಮ್ಮ, ಏನ್ ಮಾಡಿದೀಯ ನೀನು?"

"ದಾರಿ ಮಾಡಿದೀನಿ. ನಡ್ಕೊಂಡ್ ಬಾ, ಜಾರಲ್ಲ."

"ಮುಚ್ಚಬಾರದು ಅಂತ ಎಷ್ಟ್ ಸಲ ಹೇಳಿದೆ?"

"ಪೂರ್ತಿ ಎಲ್ಲಿ ಮುಚ್ಚಿದೀನಿ? ಅವನಿಗೆ ನೋಡೋಕೆ ಬೇಕಾದಷ್ಟಿದೆ."

ಮೊಮ್ಮಗಳು ಕುಂಟುತ್ತಾ ನಾನು ಮಾಡಿದ ದಾರಿಯ ಮೇಲೆಯೇ ಬಂದು, "ಅಜ್ಜಿ, ಯು ಕಾಂಟ್ ಜಸ್ಟ್ ಡು ದಟ್" ಎಂದಳು. ಅವಳ ಅಮ್ಮ ಒಳಗೆ ಹೋದಳು.

ಮಧ್ಯಾಹ್ನ ಅಳಿಯಂದಿರು ಬಂದು, ಬ್ಯಾಗು ಇಳಿಸಿ, ಸಲಿಕೆ ಹಿಡಿದರು. ಒಂದು ಅಡಿ ಕೆದಕುವಷ್ಟರಲ್ಲಿ ಸುಸ್ತಾದರು. ಅತ್ತೆಯ ಕೆಲಸ ಕಾರ್ಪೊರೇಷನ್ ಕೆಲಸಕ್ಕಿಂತ ಗಟ್ಟಿ ಎಂದು ನಕ್ಕರು. ಇಟ್ಟಿಗೆ ಸಿಕ್ಕಿದ ಮೇಲೆ ನಗಲಿಲ್ಲ. ಇನ್ನೂ ಕಿತ್ತರೆ ಕೊಳವೆ ಒಡೆಯಬಹುದು ಎಂದು ಹೆದರಿ ಬಿಟ್ಟರು. ಅಷ್ಟರಲ್ಲಿ ಮಳೆಯೂ ಬಂತು. ಭಾನುವಾರ ಹೊರಡುವ ಮುಂಚೆ ಅವರು ಮಗಳಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಮಳೆಗೆ ಮಣ್ಣು ಕುಸಿಯಿತು ಎಂದುಬಿಡು, ಗುಂಡಿ ಬಿಟ್ಟು ಹೋದವನು ಕಂಟ್ರಾಕ್ಟರ್ ತಾನೇ, ಅವನೇ ತೆಗೆಸಿಕೊಡುತ್ತಾನೆ.

ಸೋಮವಾರ ಇನ್ಸ್‌ಪೆಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಸ್ಕೂಟರಿನ ಮೇಲಿನ ಆ ಇಂಜಿನಿಯರಿನಂತಲ್ಲ. ಗುಂಡಿಯ ಪಕ್ಕ ಮಂಡಿಯೂರಿ, ಟಾರ್ಚು ಬಿಟ್ಟು, ಅಳತೆ ಕೋಲು ಇಟ್ಟು, ಕೊಳವೆಯನ್ನು ಅಡಿ ಅಡಿಯಾಗಿ ನೋಡುತ್ತಾ ಬಂದು ನನ್ನ ದಾರಿಯ ಹತ್ತಿರ ನಿಂತ. ಮಗಳು ಮಳೆಯ ಕಥೆ ಹೇಳಿದಳು. ಇಂಗ್ಲಿಷ್ ಬರದ ನನಗೂ ಅವಳ ದನಿಯಲ್ಲಿ ಅದು ಸುಳ್ಳು ಎಂದು ಗೊತ್ತಾಗುತ್ತಿತ್ತು. ಅವನು ಅಷ್ಟರಲ್ಲಿ ಬಂದು ನಿಂತಿದ್ದ ಕಂಟ್ರಾಕ್ಟರನ ಕಡೆ ತಿರುಗಿದ. ನೋಡುವ ಮುಂಚೆ ಮುಚ್ಚಿದರೆ ಹೊಣೆ ಈ ಕೆಲಸಕ್ಕೆ ಪರ್ಮಿಟ್ ತೆಗೆದವನದು. ಇವತ್ತೇ ಯಂತ್ರ ತಂದು ತೆಗೆ, ನಾನಂತೂ ನಿನ್ನ ಲೈಸೆನ್ಸಿನ ಮೇಲೆ ಈ ತಪ್ಪು ಬರೆಯುತ್ತೇನೆ ಎಂದನಂತೆ. ಇದನ್ನು ಮಗಳು ಆಮೇಲೆ ಹೇಳಿದ್ದು. ಆಗ ನಾನು ಕಂಡಿದ್ದು, ಆ ದಪ್ಪ ಮನುಷ್ಯನ ಮುಖ ಕೆಂಪಾದದ್ದು.

ನಾನು ಸತ್ಯಕ್ಕೆ ಹುಟ್ಟಿದವಳೇನಲ್ಲ. ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ಮೇಸ್ತ್ರಿ ಮಾಡಿದ ತಪ್ಪಿಗೆ ಆಳಿನ ಕೂಲಿ ಮುರಿದಿದ್ದನ್ನು ಎಷ್ಟೋ ಸಲ ಕಂಡವಳು ನಾನು, ಮುರಿಸಿಕೊಂಡವಳೂ ಹೌದು. ಮೆಟ್ಟಿಲು ಇಳಿದು ಹೋಗಿ ಎದೆ ಮುಟ್ಟಿಕೊಂಡು, "ಮೀ. ಐ ಕ್ಲೋಸ್" ಎಂದೆ. ಅವನಿಗೆ ಅರ್ಥವಾಗಲಿಲ್ಲವೇನೋ ಎಂದು ಮಣ್ಣಿನ ಮೇಲೆ ಹತ್ತಿ ತುಳಿದು ತೋರಿಸಿದೆ.

"ಅಮ್ಮ, ನೀನು ಒಳಗೆ ಹೋಗು," ಎಂದಳು ಮಗಳು. ಹಲ್ಲು ಕಚ್ಚಿಕೊಂಡೇ ಹೇಳಿದಳು.

"ಹೋಗ್ತೀನಿ. ಅವನದಲ್ಲ, ನಮ್ಮದು ಅಂತ ನೀನು ಹೇಳು. ನೀನು ಹೇಳಿದ್ ಮೇಲೆ ಹೋಗ್ತೀನಿ."

ಅವಳು ಅವನ ಕಡೆ ತಿರುಗಿದಳು. ಹೇಳಿದಳು.

ಅಷ್ಟೇ, ಕಾನೂನು ಈ ಕಡೆಗೆ ತಿರುಗಿತು. ಮನೆಯವರೇ ಮುಚ್ಚಿದ್ದರಿಂದ ಕಂಟ್ರಾಕ್ಟರನಿಗೆ ಆ ದಿನವೇ ತೆಗೆಯುವ ಹೊಣೆ ಇರಲಿಲ್ಲ. ಮನೆಯ ನೀರು ಹೋಗಲೆಂದು ಹಳೇ ತೊಟ್ಟಿಗೆ ಮತ್ತೆ ಕೊಳವೆ ಸಿಕ್ಕಿಸಿ, ಒಪ್ಪಿಕೊಂಡಿದ್ದ ಬೇರೆ ಕೆಲಸ ಮುಗಿಸಲು ಹೊರಟುಹೋದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಲಿ ಎಂದು ನಾನು ಮಾಡಿರಲೂ ಇಲ್ಲ. ಆದರೂ ಬೇಗ ಬಂದಾನು ಎಂದು ಒಳಗೊಳಗೆ ಇತ್ತು. ಅವನು ಬಂದಿದ್ದು ಹನ್ನೆರಡು ದಿನದ ಮೇಲೆ, ಹಿಮ ಬಿದ್ದು ನೆಲ ಕಲ್ಲಾದ ಮೇಲೆ. ತೆಗೆದು ನೋಡಿದರೆ ನಾನು ಇಟ್ಟಿಗೆ ಹಾಕಿ ತುಳಿದ ಕಡೆಯೇ ಕೊಳವೆಯ ಒಂದು ಜೋಡಣೆ ಬಿಟ್ಟಿತ್ತು. ನೀರು ತುಂಬಿಸಿ ಪರೀಕ್ಷೆ ಮಾಡಿದರೆ ನೀರು ನಿಲ್ಲಲಿಲ್ಲ. ಮತ್ತೆ ತುಂಡು ಬದಲಾಯಿಸಿ, ಮತ್ತೆ ಇನ್ಸ್‌ಪೆಕ್ಟರಿಗೆ ಕಾದು, ಎಲ್ಲ ಸರಿಯಾಗಿದೆ ಎನ್ನುವ ಕಾಗದ ಕೈಗೆ ಬರುವಾಗ ಡಿಸೆಂಬರ್ ಅರ್ಧ ಮುಗಿದಿತ್ತು. ಗಿರಾಕಿಯ ಬ್ಯಾಂಕು ಗಡುವು ಮುಂದಕ್ಕೆ ಹಾಕಲಿಲ್ಲ. ಅವನು ಬೇರೆ ಕಡೆ ಇನ್ನೂ ಅಗ್ಗದ ಮನೆ ನೋಡಿಕೊಂಡ. ಅಗ್ಗದ ಮನೆಗೆ ಆಗ ಬರವಿರಲಿಲ್ಲ.

ಆ ವಾರ ಅಳಿಯಂದಿರು ಊಟಕ್ಕೆ ಕೂತಾಗ ತಲೆ ಎತ್ತದೆ ಕೇಳಿದರು: "ಅತ್ತೆ, ಎರಡು ನಿಮಿಷ ಸುಮ್ನಿದ್ದಿದ್ರೆ ಆಗ್ತಿತ್ತಲ್ವಾ?"

"ಆಗ್ತಿತ್ತು," ಎಂದೆ. ಸಾರು ಬಡಿಸಿದೆ. ಅವರು ಮೊಸರನ್ನ ಕಲಸಿಕೊಳ್ಳದೆ ಎದ್ದರು. ಹಿಮದ ರಸ್ತೆಯಲ್ಲಿ ಪ್ರತಿ ವಾರ ಆಗುವುದಿಲ್ಲ ಎಂದು ಆಮೇಲೆ ತಿಂಗಳಿಗೆ ಒಂದು ಸಲ ಬರತೊಡಗಿದರು.

ಮಗಳು ಮಾತ್ರ ಆ ವಿಷಯ ಎತ್ತಲೇ ಇಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು, ಸಂಜೆ ಬಂದು ಕಾಫಿ ಆಯ್ತಾ ಅಮ್ಮ ಎಂದು ಕೇಳುತ್ತಿದ್ದಳು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಅದೇ ಮನೆಯಲ್ಲಿ, ಹೀಗೇ, ನಾವು ಮೂವರು ಇನ್ನೆರಡು ಚಳಿಗಾಲ ಕಳೆದೆವು.