ನೋಯದ ಕಾಲು

ಗೋಗಿಯ ದೇವಕಮ್ಮನಿಗೆ ಮುಳ್ಳು ಚುಚ್ಚುವುದಿಲ್ಲ ಎಂದು ಶಹಾಪುರದವರೆಗೂ ಹೆಸರಿತ್ತು. ಭತ್ತದ ನಾಟಿಗೆ ಆಕೆಯ ಗುಂಪೇ ಬೇಕೆಂದು ಹೊಲದವರು ಹಟ ಹಿಡಿಯುತ್ತಿದ್ದರು. ಕೆಸರಿಗೆ ಮೊದಲು ಇಳಿಯುವವಳು ಆಕೆ, ಕೊನೆಗೆ ಹತ್ತುವವಳೂ ಆಕೆ. ಸಂಜೆ ಉಳಿದ ಹೆಂಗಸರು ಬದುವಿನ ಮೇಲೆ ಕುಳಿತು, ಕಾಲ್ಬೆರಳ ಸಂದಿಯ ಹುಣ್ಣು ನೋಡಿಕೊಂಡು ಗೋಳಾಡುವಾಗ, "ಏಳ್ರಿ ಏಳ್ರಿ, ನೀವೇನು ದೇಸಾಯರ ಮನಿ ಸೊಸ್ತೇರೇನು?" ಎಂದು ಗದರುತ್ತಿದ್ದಳು. "ಕಬ್ಬಿಣದ ಕಾಲು ಬಿಡವ್ವಾ ನಿನ್ನವು," ಎಂದು ನಮ್ಮವ್ವ ಸುಂದ್ರಮ್ಮ ಹೊಗಳುತ್ತಿದ್ದಳು. ನಮ್ಮವ್ವ ಬಹಳ ವರ್ಷ ಆಕೆಯ ಸಾಲಿನಲ್ಲೇ ಸಸಿ ಹಚ್ಚಿದವಳು. ನಾನಿಲ್ಲಿ ಹೇಳುವುದರಲ್ಲಿ ಅರ್ಧ ಅವ್ವನ ಬಾಯಿಂದ ಕೇಳಿದ್ದು, ಅರ್ಧ ನಾನೇ ಕಂಡದ್ದು.

ಕಾಲುವೆ ಬರುವ ಮೊದಲು ಆ ಕಾಲಿಗೆ ಕೆಸರು ಗೊತ್ತಿರಲಿಲ್ಲ. ಜೋಳ, ತೊಗರಿ, ಹತ್ತಿಯ ಎರೆ ಹೊಲದಲ್ಲಿ ಓಡಾಡಿದ ಕಾಲು ಅದು. ಕೃಷ್ಣೆಯ ನೀರು ಕಾಲುವೆಗುಂಟ ಬಂದಿತು, ಹೊಲಗಳು ಗದ್ದೆಯಾದವು. ಹಬ್ಬಕ್ಕೊಮ್ಮೆ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ದಿನಾ ಎರಡು ಹೊತ್ತು ಅನ್ನ ಬೇಯತೊಡಗಿತು, ರೊಟ್ಟಿ ಬಡಿಯುವ ಸದ್ದು ಕಡಿಮೆಯಾಯಿತು. ನಾನು ಕಾಲುವೆಯನ್ನು ಬಯ್ಯುವವಳಲ್ಲ. ಅದೇ ನೀರಿನ ಕೂಲಿಯಿಂದ ಅವ್ವ ನನ್ನನ್ನು ಓದಿಸಿದಳು, ಇವತ್ತು ಶಹಾಪುರದ ಕಚೇರಿಯೊಂದರಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದೇನೆ. ಆದರೆ ನೀರು ಬಂದ ದಾರಿಯಲ್ಲೇ ಇನ್ನೊಂದೂ ಬಂದಿತ್ತು, ಅದನ್ನು ನಮ್ಮ ಜನ ಬಹಳ ದಿನ ಗುರುತಿಸಲಿಲ್ಲ.

ದೇವಕಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಅಂಗನವಾಡಿಯಲ್ಲಿ ನಡೆದ ತಪಾಸಣೆಯಲ್ಲಿ. ಊರಿನ ಆಶಾ ಕಾರ್ಯಕರ್ತೆ ಆಮೀನಾ ಮನೆಮನೆಗೆ ಹೋಗಿ, ಬೈದು, ಕಾಡಿ ಬೇಡಿ ಹೆಂಗಸರನ್ನು ಕರೆತಂದಿದ್ದಳು. ಹೊರಗಿನಿಂದ ಬಂದ ನರ್ಸ್ ಗೋಡೆಗೆ ಚಿತ್ರ ತೂಗುಹಾಕಿ ಪಾಠ ಮಾಡಿದಳು. ಅನ್ನ ಕಡಿಮೆ ಮಾಡಿ, ರೊಟ್ಟಿ ಪಲ್ಯ ತಿನ್ನಿ, ಗುಳಿಗೆ ತಪ್ಪಿಸಬೇಡಿ. ಕೊನೆಗೆ, "ಕಾಲಾಗ ಉರಿ, ನೋವು ಬಂದ್ರ ತಡ ಮಾಡದ ದವಾಖಾನಿಗಿ ಬರ್ರಿ," ಎಂದಳು.

"ನೋವಾ? ನನಗ ಮುಳ್ಳು ಮುರದ್ರೂ ಗೊತ್ತಾಗಂಗಿಲ್ರಿ ಸಿಸ್ಟರ್," ಎಂದಳು ದೇವಕಮ್ಮ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನರ್ಸೂ ನಕ್ಕಳು. ಆಕೆಗಿನ್ನೂ ಎರಡು ಊರು ತಿರುಗುವುದಿತ್ತು. ಆ ನಗುವನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳಬೇಕಾದ ಮಾತನ್ನು ರೋಗಿಯೇ ತನ್ನ ಬಾಯಿಂದ ಹೇಳಿದ್ದಳು, ಕೇಳುವ ಕಿವಿ ಒಂದೂ ಇರಲಿಲ್ಲ.

ಪಾಠವನ್ನು ದೇವಕಮ್ಮ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಎಂದು ಯಾರಾದರೂ ಅಂದರೆ ಸುಳ್ಳು. ಮರುದಿನದಿಂದಲೇ ರೊಟ್ಟಿ ಬಡಿದಳು. ಚಹಾಕ್ಕೆ ಸಕ್ಕರೆ ಬಿಟ್ಟಳು. ನಸುಕಿನಲ್ಲಿ ಹೊಲಕ್ಕೆ ಹೋಗುವ ಟಂಟಂ ಆಟೋ ಹತ್ತುವ ಮುಂಚೆ ಸೆರಗಿನ ಗಂಟು ಬಿಚ್ಚಿ ಗುಳಿಗೆ ನುಂಗುವುದನ್ನು ಅವ್ವ ದಿನಾ ನೋಡುತ್ತಿದ್ದಳು. ಚಪ್ಪಲಿಯನ್ನು ಮಾತ್ರ ಬದುವಿನ ಮೇಲೆ ಬಿಡುತ್ತಿದ್ದಳು. ಎಲ್ಲರೂ ಬಿಡುತ್ತಿದ್ದರು. ಕೆಸರು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತದೆ, ಸಾಲದ್ದಕ್ಕೆ ಭೂಮಿತಾಯಿಯ ಮೈಮೇಲೆ ಚಪ್ಪಲಿ ಕಾಲು ಇಡುವವರು ಯಾರು?

ಆ ವರ್ಷ ಮಳೆಗಾಲದ ನಾಟಿ ಮುಗಿಯುತ್ತ ಬಂದಿತ್ತು. ಸಂಜೆ ಕಾಲುವೆಯ ಮೆಟ್ಟಿಲ ಮೇಲೆ ಎಲ್ಲರೂ ಕೈಕಾಲು ತೊಳೆಯುತ್ತಿದ್ದರು. ದೇವಕಮ್ಮನ ತಂಗಿ ಅಮೃತಮ್ಮ ಕಲ್ಲಿನ ಮೇಲೆ ಕೆಂಪು ಹೆಜ್ಜೆ ಕಂಡಳು. ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು, ಹಾಗಾಗಿ ಒಲೆ ಒಂದೇ, ಕೆಲಸ ಒಂದೇ, ಗುಂಪೂ ಒಂದೇ.

"ಅಕ್ಕಾ, ರಕ್ತ!"

"ಯಾರದು?" ಎಂದಳು ದೇವಕಮ್ಮ.

ಆಕೆಯದೇ. ಬಲಗಾಲಿನ ಅಂಗಾಲಲ್ಲಿ ಜಾಲಿ ಮುಳ್ಳು ಬುಡದವರೆಗೆ ಹೊಕ್ಕು ಮುರಿದಿತ್ತು. ಅದು ಯಾವಾಗ ಚುಚ್ಚಿತೋ, ಎಷ್ಟು ಹೊತ್ತು ಅದರ ಮೇಲೇ ನಡೆದಳೋ ದೇವರಿಗೇ ಗೊತ್ತು. ಅಮೃತಮ್ಮ ಪಿನ್ನಿನಿಂದ ಕೆದರಿ ಮುಳ್ಳು ತೆಗೆದಳು. ಅಕ್ಕ ಒಂದು ಸಲವೂ "ಹಾ" ಅನ್ನಲಿಲ್ಲ. "ನೋಡ್ರಿ, ಇದಕ್ಕಂತಾರ ಕಾಲು," ಎಂದು ಹೆಂಗಸರು ಬೆರಗಾದರು. ಅರಿಷಿಣ ಮೆತ್ತಿ ಬಟ್ಟೆ ಕಟ್ಟಿದರು. ಮರುದಿನ ಆ ಕಾಲು ಮತ್ತೆ ಕೆಸರಿಗೆ ಇಳಿಯಿತು.

ಗಾಯ ತೋರಿಸು ಎಂದು ಆಮೀನಾ ಎರಡು ಸಲ ಹೇಳಿದಳು. "ನೋವಾದ್ರ ಬಾ ಅಂದಾಳಲ್ಲ ಸಿಸ್ಟರು? ಆಗ್ಲಿ ತಡಿ," ಎಂದಳು ದೇವಕಮ್ಮ. ನೋವಿಗಾಗಿ ಕಾದಳು. ಬರಬೇಕಾದ ನೋವು ಬರಲಿಲ್ಲ, ವಾಸನೆ ಬಂದಿತು. ಹೊಲದಲ್ಲಿ ಬುತ್ತಿ ಬಿಚ್ಚುವಾಗ ಹೆಂಗಸರು ಆಕೆಯಿಂದ ಸ್ವಲ್ಪ ದೂರ ಕೂರತೊಡಗಿದರು. ಬದುವಿನಲ್ಲಿ ಇಲಿ ಸತ್ತಿರಬೇಕು ಎಂದು ಒಬ್ಬಳು ಅಂದಳಂತೆ. ಮುಖಕ್ಕೆ ಹೇಳಿದರೆ ಆಕೆ ನೊಂದುಕೊಂಡಾಳು ಎಂದು ಎಲ್ಲರೂ ಸುಮ್ಮನಿದ್ದರು, ನಮ್ಮವ್ವನೂ ಸುಮ್ಮನಿದ್ದಳು.

ಜ್ವರ ಬಂದು ನಡುಗಿ ಬಿದ್ದ ಮೇಲೆ ಗಂಡ ತಾಯಪ್ಪ ಆಕೆಯನ್ನು ಶಹಾಪುರಕ್ಕೆ ಒಯ್ದ. ಅಲ್ಲಿಂದ ಕಲಬುರಗಿಗೆ ಕಳಿಸಿದರು. ಕಾಲು ಕಪ್ಪಾಗಿ, ಕಪ್ಪು ಮೇಲಕ್ಕೆ ಏರುತ್ತಿತ್ತು. ತಾಯಪ್ಪ ಹೆಬ್ಬೆಟ್ಟು ಒತ್ತಿದ. ಮೊಣಕಾಲಿನ ಕೆಳಗೆ ಬಲಗಾಲನ್ನು ತೆಗೆದರು.

"ಇಷ್ಟ್ ದಿನ ಯಾಕ ಬರ್ಲಿಲ್ಲವ್ವಾ?" ಎಂದು ಆಮೇಲೆ ಡಾಕ್ಟರು ಕೇಳಿದರು.

"ನೋವಾದ್ರ ಬಾ ಅಂದಿದ್ರಿ ಸಾಹೇಬ್ರ. ನನಗ ನೋವಾಗ್ಲಿಲ್ಲ."

ಡಾಕ್ಟರು ಮಂಚದ ಅಂಚಿಗೆ ಕುಳಿತರಂತೆ. "ನೋವಾಗ್ಲಿಲ್ಲಂದ್ರ ಕಾಲು ಗಟ್ಟಿ ಅದ ಅಂತಲ್ಲ, ಕಾಲಿನ ನರ ಸತ್ತಾವ ಅಂತ. ಸಕ್ಕರಿ ಬ್ಯಾನಿ ಮೊದ್ಲು ನೋವನ್ನೇ ತಿಂತದವ್ವಾ, ಆಮ್ಯಾಲ ಕಾಲು ತಿಂತದ." ಆಕೆಯ ಕಣ್ಣು ಮುಚ್ಚಿಸಿ, ಉಳಿದ ಎಡಗಾಲಿನ ಒಂದೊಂದೇ ಬೆರಳ ತುದಿಯನ್ನು ಹಗುರವಾಗಿ ಮುಟ್ಟಿ, "ಈಗ ಗೊತ್ತಾಯ್ತಾ? ಈಗ?" ಎಂದು ಕೇಳಿದರು. ಎಷ್ಟೋ ಸಲ ಮುಟ್ಟಿದ್ದರು. ಆಕೆಗೆ ಗೊತ್ತಾದದ್ದು ಒಂದೇ ಸಲ. ಕಬ್ಬಿಣದ ಕಾಲು ಎಂದು ಇಷ್ಟು ವರ್ಷ ಮೆರೆದದ್ದೇ ರೋಗವಾಗಿತ್ತು ಎಂದು ಅಲ್ಲೇ ತಿಳಿದು ದೇವಕಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಊರಿಗೆ ಬಂದವಳು ಕೆಲವು ತಿಂಗಳು ಹೊಸ್ತಿಲು ದಾಟಲಿಲ್ಲ. ಆಮೇಲೊಂದು ದಿನ ಊರುಗೋಲು ಹಿಡಿದು ಅಂಗನವಾಡಿಗೆ ಬಂದು ಆಮೀನಾಳಿಗೆ, "ನನ್ನ ಗುಂಪಿನ ಹೆಣ್ಮಕ್ಕಳನ್ನ ಕರಿ," ಎಂದಳು. ಅವರನ್ನು ಅಂಗನವಾಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂರಿಸಿ, ಕಣ್ಣು ಮುಚ್ಚಿಸಿ, ಡಾಕ್ಟರು ಮಾಡಿದಂತೆಯೇ ಬೆರಳ ತುದಿ ಮುಟ್ಟಹೋದಳು. ಅಲ್ಲೇ ಪೇಚಾಟ ಶುರುವಾಯಿತು. ಹಿರಿಯಳು ಕಿರಿಯರ ಕಾಲು ಮುಟ್ಟುವುದುಂಟೇ? "ಪಾಪ ಹತ್ತತದ ಯಕ್ಕಾ, ಬ್ಯಾಡ," ಎಂದು ಒಬ್ಬೊಬ್ಬಳೂ ಕಾಲು ಹಿಂದಕ್ಕೆಳೆದುಕೊಂಡಳು. "ಪಾಪ ನನಗಿರ್ಲಿ, ಕಾಲು ನಿಮಗಿರ್ಲಿ. ಚಾಚ್ರಿ!" ಎಂದು ಗದ್ದೆಯಲ್ಲಿ ಗದರುತ್ತಿದ್ದ ದನಿಯಲ್ಲೇ ಗದರಿದಳು. ನಮ್ಮವ್ವ ಮೊದಲು ಚಾಚಿದಳು. ಹೀಗೆ ವಾರದ ರಜೆಯ ದಿನ ಕಟ್ಟೆಯ ಮೇಲೆ ಅದೊಂದು ರೂಢಿಯಾಯಿತು. "ಸಂಜೀಕ ಅಂಗಾಲು ತೊಳದು ನೋಡ್ರಿ, ಕಾಣದಿದ್ರ ಕನ್ನಡಿ ಹಿಡೀರಿ. ನೋವಿನ ದಾರಿ ಕಾಯಬ್ಯಾಡ್ರಿ," ಎನ್ನುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಎಂದು ಊರ ಗಂಡಸರು ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಅವರಿಗೆ ಬೇರೆ ಕೆಲಸವೇನಿತ್ತು?

ಕಾಲು ಕೊಡದೆ ಉಳಿದವಳು ಅಮೃತಮ್ಮ ಒಬ್ಬಳೇ.

ಅಕ್ಕನ ಜಾಗದಲ್ಲಿ ಈಗ ಆಕೆಯೇ ಸಾಲಿನ ಮುಂದಿದ್ದಳು. ಅಕ್ಕನಂತೆಯೇ ಕೊನೆಗೆ ಕೆಸರಿನಿಂದ ಹತ್ತುತ್ತಿದ್ದಳು. "ಅಕ್ಕನ ಕಾಲು ಈಕಿಗಿ ಬಂದಾವ," ಎಂದು ಹೆಂಗಸರು ಮಾತಾಡಿಕೊಂಡದ್ದು ದೇವಕಮ್ಮನ ಕಿವಿಗೆ ಬಿದ್ದಿತ್ತು, ಅಂದಿನಿಂದ ಆಕೆಗೆ ಸರಿಯಾಗಿ ನಿದ್ದೆಯಿಲ್ಲ. ತಂಗಿ ಸಕ್ಕರೆ ಪರೀಕ್ಷೆಗೂ ಬರಲಿಲ್ಲ, ಕಟ್ಟೆಗೂ ಬರಲಿಲ್ಲ. ಬೇಕಾದರೆ ಆಮೀನಾಳೇ ಮುಟ್ಟಲಿ ಎಂದರೆ, "ನನಗೇನಾಗ್ಯದ?" ಎನ್ನುವಳು. ಅಕ್ಕ ಒತ್ತಾಯಿಸಿದರೆ, "ನನ್ನ ಎತ್ತಿ ಆಡಿಸಿದಾಕಿ ನೀ. ನಿನ್ನ ಕೈಲೆ ಕಾಲು ಮುಟ್ಟಿಸ್ಕೊಂಡು ನಾ ಯಾವ ನರಕಕ್ಕ ಹೋಗ್ಲಿ?" ಎಂದು ಕಣ್ಣೀರು ತರುವಳು. ಪ್ರೀತಿಯೇ ಅಡ್ಡ ಕೂತರೆ ಯಾರು ಏನು ಮಾಡಬೇಕು? ಒಂದು ಬೇಸಿಗೆ, ಒಂದು ಮಳೆಗಾಲ ಹೀಗೇ ಕಳೆಯಿತು.

ಮುಂದಿನ ನಾಟಿ ಶುರುವಾಗುವ ಹಿಂದಿನ ದಿನ ದೇವಕಮ್ಮ ಊಟ ಬಿಟ್ಟು ಕುಳಿತಳು. ತಂಗಿ ಕಾಲು ಚಾಚುವತನಕ ತುತ್ತು ಮುಟ್ಟುವುದಿಲ್ಲ, ಗುಳಿಗೆಯನ್ನೂ ನುಂಗುವುದಿಲ್ಲ ಎಂದಳು. ಅಮೃತಮ್ಮ ಹೆದರಿದಳು. ನಾನು, ನಮ್ಮವ್ವ ಅವತ್ತು ಅವರ ಪಡಸಾಲೆಯಲ್ಲೇ ಇದ್ದೆವು. ಅಮೃತಮ್ಮ ಮೊದಲು ಬಗ್ಗಿ ಅಕ್ಕನ ಒಂಟಿ ಪಾದಕ್ಕೆ ಹಣೆ ಹಚ್ಚಿ, "ತಪ್ಪು ಹೊಟ್ಯಾಗ ಹಾಕ್ಕೋ," ಎಂದು ನಮಸ್ಕಾರ ಮಾಡಿದಳು. ಆಮೇಲೆ ಗೋಡೆಗೆ ಒರಗಿ ಕಾಲು ಚಾಚಿ, ಚಿಕ್ಕ ಹುಡುಗಿಯ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದಳು. ತುಟಿಯಲ್ಲಿ ನಾಚಿಕೆಯ ನಗುವಿತ್ತು.

ದೇವಕಮ್ಮ ಕೈ ಚಾಚಿದಳು. ನಮ್ಮವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಪಾಪ ಹತ್ತತದಂತ ನೀನೂ ಹೆದರಿದೇನು?" ಎಂದು ಅಮೃತಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಮುಟ್ಟು ಅಕ್ಕಾ. ಒಲಿ ಮ್ಯಾಲ ಪಲ್ಯ ಹೊತ್ತತದ."

"ಆಗ್ಲೇ ಮುಟ್ಟೀನವ್ವಾ," ಎಂದಳು ದೇವಕಮ್ಮ.

"ಯಾವಾಗ?" ಎನ್ನುತ್ತ ಅಮೃತಮ್ಮ ಕಣ್ಣು ತೆರೆದಳು. ಅಕ್ಕನ ಬೆರಳು ಇನ್ನೂ ಆಕೆಯ ಹೆಬ್ಬೆರಳ ಮೇಲೇ ಇತ್ತು.