ಅವ್ವ ತುಳುವಿನಲ್ಲಿ ಕೇಳಿದಳು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಅವ್ವ ತುಳು ಮಾತಾಡಿದಳು.

ಇದರಲ್ಲೇನು ವಿಶೇಷ ಎಂದು ಮೂಡುಬಿದಿರೆಯ ಓದುಗರು ಕೇಳಬಹುದು. ವಿಶೇಷ ಇಷ್ಟೇ: ಅವ್ವ ಗದಗಿನ ಕಡೆಯವಳು, ತುಳುವಿನ ಒಂದಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಮತ್ತೆ, ಅವಳು ತೀರಿಕೊಂಡು ಆರು ವರ್ಷವಾಯಿತು.

ಕನಸು ಮಾರಾಯ್ರೇ, ಕನಸು. (ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಉಂಡು ಮಲಗಿದವಳಿಗೆ ಇನ್ನೇನು ಬೀಳುತ್ತದೆ?)

ಕನಸಿನಲ್ಲಿ ಶಿರ್ತಾಡಿಯ ನಮ್ಮ ಮನೆಯ ಜಗಲಿ ಇತ್ತು. ಅದರ ಮುಂದೆಯೇ ತವರಿನ ಎರೆಹೊಲ, ಕಣ್ಣು ಹೋದಷ್ಟು ದೂರ ಕುಸುಬೆಯ ಹೂ. ಹೊಲದಂಚಿಗೆ ಬಂಟ್ವಾಳದ ನೇತ್ರಾವತಿ ಸದ್ದಿಲ್ಲದೆ ಹರಿಯುತ್ತಿದ್ದಳು. ಅವ್ವ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಹೂವಿನ ನಡುವೆ ನಡೆದು ಬಂದಳು. ಹತ್ತಿರ ಬಂದು, ಮುಖ ನೋಡಿ, "ಒಣಸ್ ಆಂಡಾ ಮಗಾ?" ಎಂದಳು. ಊಟ ಆಯಿತಾ ಎಂದು. ನಾನೂ "ಆಂಡ್" ಎಂದೆ. ಎಚ್ಚರವಾಯಿತು.

ಎದ್ದವಳು ಹಾಗೇ ಕೂತೆ. ಬದುಕಿದ್ದಾಗ ಅವ್ವ ಇದನ್ನೇ ದಿನಾ ಫೋನಿನಲ್ಲಿ ಕೇಳುತ್ತಿದ್ದಳಲ್ಲ, ಹೇಗೆ ಕೇಳುತ್ತಿದ್ದಳು? ಎಷ್ಟು ತಡಕಿದರೂ ನೆನಪಾಗಲಿಲ್ಲ. ಬರೀ ತುಳುವೇ ಕೇಳಿಸುತ್ತಿತ್ತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಫೋಟೋ ಇದೆ, ಸೀರೆ ಇದೆ. ದನಿಯನ್ನೇ ಕಳೆದುಕೊಂಡರೆ ಎಲ್ಲಿ ಹುಡುಕುವುದು?

ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. "ಅಮ್ಮಾ, ಅಸಿಮಿಲೇಟ್ ಅಂದ್ರೆ ಎಂತ?"

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಉತ್ತರ ಬಾಯಿಪಾಠ. ತಿಂದ ಅನ್ನ ರಕ್ತವಾಗುವುದು ಅಸಿಮಿಲೇಟ್. ಓದಿದ್ದು ಮನಸ್ಸಿಗಿಳಿದು ನಮ್ಮದೇ ಆಗುವುದೂ ಅದೇ. ಹೊರಗಿನಿಂದ ಬಂದವರು ಊರಿನ ಮಾತು, ರೀತಿ ಕಲಿತು ಊರಿನವರೇ ಆಗಿಬಿಡುವುದೂ ಅದೇ. ಇದಕ್ಕೆ ಪ್ರತಿ ವರ್ಷ ನನ್ನದೇ ಉದಾಹರಣೆ ಕೊಟ್ಟು ಕ್ಲಾಸನ್ನು ನಗಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಸೊಸೆಯಾಗಿ ಬಂದು ಜೋಳದ ರೊಟ್ಟಿಗಾಗಿ ಕಣ್ಣೀರು ಹಾಕಿದವಳು, ಈಗ ಗಂಜಿ ಬಿಟ್ಟು ಇರಲಾರೆ ಎಂದು. ಆದರೆ ರಕ್ತವಾದ ಅನ್ನವನ್ನು ಮತ್ತೆ ಅನ್ನ ಮಾಡಲಾಗದು ಎಂದು ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ. "ಆಮೇಲೆ ಹೇಳ್ತೇನೆ" ಎಂದು ಮಗಳನ್ನು ಕಳಿಸಿದೆ.

ಊರಿಗೆ ಅಣ್ಣನಿಗೆ ಫೋನ್ ಮಾಡಿದೆ. ಊಟ ಆಯಿತಾ ಅಂತ ಅವ್ವ ಹೇಗೆ ಕೇಳುತ್ತಿದ್ದಳು, ಸ್ವಲ್ಪ ಹೇಳು ಎಂದೆ. ತಲೆ ನೆಟ್ಟಗಿದೆಯಾ ಎಂದು ನಕ್ಕ. ನಾನು ನಗಲಿಲ್ಲ. ಆಮೇಲೆ ಅವ್ವನ ಹಾಗೇ ಕೊನೆಯನ್ನು ಎಳೆದು ಹೇಳಿದ, "ಉಂಡ್ಯೇನ ಯವ್ವಾ?"

ಸ್ಪೀಕರಿಗೆ ಹಾಕಿ ಮತ್ತೊಮ್ಮೆ ಹೇಳಿಸಿದೆ. ಇನ್ನೊಮ್ಮೆ. ನಾನೂ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು ಯಾರದೋ ಮಾತಿನಂತೆ ಕೇಳಿಸಿತು. ಅತ್ತುಬಿಟ್ಟೆ.

ಪಕ್ಕದ ಕೋಣೆಯಲ್ಲಿ ನನ್ನ ಅತ್ತೆ ಮಲಗಿದ್ದರು. ಅವರಿಗೆ ಬರುವುದು ತುಳು, ಬಿಟ್ಟರೆ ಶಾಲೆಯ ಪುಸ್ತಕದ ಕನ್ನಡ. ಹಿಂದೊಮ್ಮೆ ಅವ್ವ ಬಂದು ಹತ್ತು ದಿನ ಇದ್ದಾಗ ಇಬ್ಬರೂ ಜಗಲಿಯಲ್ಲಿ ಕೂತು, ಒಬ್ಬರದು ಒಬ್ಬರಿಗೆ ಅರ್ಧವೂ ತಿಳಿಯದೆ, ಸಂಜೆಯವರೆಗೆ ಹರಟುತ್ತಿದ್ದರು. (ಏನು ಮಾತಾಡಿದಿರಿ ಎಂದರೆ ಇಬ್ಬರೂ ಹೇಳುತ್ತಿರಲಿಲ್ಲ.)

ನಾಲ್ಕು ಗಂಟೆಗೆ ಅತ್ತೆ ಎದ್ದು ಅಡುಗೆಮನೆಗೆ ಬಂದರು. ನಾನು ಚಾಕ್ಕೆ ನೀರಿಟ್ಟಿದ್ದೆ. ಕೆಂಪಾದ ನನ್ನ ಕಣ್ಣು ನೋಡಿದರು, ಏನಾಯಿತೆಂದು ಕೇಳಲಿಲ್ಲ. ಭುಜದ ಮೇಲೆ ಕೈಯಿಟ್ಟು, ಒಂದೊಂದೇ ಅಕ್ಷರ ಹುಡುಕುತ್ತಾ ಹೇಳಿದರು, "ಉಂಡ್ಯೇನ ಯವ್ವಾ?"

ಕೊನೆಯ ಆ ಎಳೆತ ಥೇಟ್ ಅವ್ವನದೇ.

ಸ್ಪೀಕರಿನ ಸದ್ದು ಗೋಡೆಯಾಚೆ ಕೇಳಿಸಿರುತ್ತದೆ, ಅಷ್ಟೇ ಎನ್ನುತ್ತಾರೆ ನಮ್ಮ ಮನೆಯವರು. ಇರಬಹುದು. ಆದರೆ ಅಷ್ಟು ದೂರದಿಂದ ನಡೆದು ಬಂದ ಅವ್ವ, ಪಕ್ಕದ ಕೋಣೆಯಲ್ಲಿದ್ದ ಬೀಗಿತ್ತಿಯನ್ನು ಮಾತಾಡಿಸದೆ ಹಾಗೇ ಹೋದಾಳೇ?